ಆಕ್ಷೇಪಣೆ ಬಂದಿಲ್ಲವಾದ್ದರಿಂದ

"...ತಿಂಗಳಿಗೆ ಮೂವತ್ತಕ್ಕಿಂತ ಕಡಿಮೆ ಹೆರಿಗೆಗಳಾಗುವ ಕಾಮಾ ಈ ಕೆಳಗೆ ಕಾಣಿಸಿದ ಹನ್ನೊಂದು ಆಸ್ಪತ್ರೆಗಳನ್ನು ಮುಚ್ಚಿ ಕಾಮಾ ಅವುಗಳ ಸಿಬ್ಬಂದಿಯನ್ನು ಜಿಲ್ಲಾ ಆಸ್ಪತ್ರೆಗೆ ವರ್ಗಾಯಿಸತಕ್ಕದ್ದು ಸ್ಟಾಪ್ ಹೊಸ ಪ್ಯಾರಾ..."

ಪಟ್ಟಿಯಲ್ಲಿ ಏಳನೆಯ ಹೆಸರು ದಾಟಿ ಎಂಟಕ್ಕೆ ಹೋಗುವಷ್ಟರಲ್ಲಿ ಎದುರು ಕೂತಿದ್ದ ಅಕ್ಕ ಹಾಳೆಯ ಮೇಲೆ ಜಾರಿಸುತ್ತಿದ್ದ ಅಡಿಪಟ್ಟಿಯನ್ನು ನಿಲ್ಲಿಸಿದಳು.

"ತಡೀರಿ. ಏಳನೇದು ಇನ್ನೊಂದ್ಸಲ ಓದಿ."

"ಏಳು ಸ್ಟಾಪ್ ಸೇತುವೆ ಬೀದಿ ಹೆರಿಗೆ ಆಸ್ಪತ್ರೆ ಸ್ಟಾಪ್."

"ಮತ್ತೊಂದ್ಸಲ."

ಅವನು ಮತ್ತೊಂದು ಸಲ ಓದಿದ. "ಯಾಕೆ, ಅಕ್ಷರ ಏನಾದ್ರೂ ಬಿಟ್ಟುಹೋಗಿದ್ಯಾ?"

"ಅಕ್ಷರ ಎಲ್ಲ ಸರಿಯಾಗೇ ಇದೆ. ನೀವು ಓದಿದ್ದು ನಿಮ್ಮ ಕಿವಿಗೆ ಬಿತ್ತಾ?" ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ನಿಮ್ಮ ಮಗಳು ಹೆಸರು ಬರೆಸಿರೋದು ಅಲ್ಲೇ ಅಲ್ವಾ?"

ಅವನು ಕೈಯಲ್ಲಿದ್ದ ಹಾಳೆಯನ್ನು ನೋಡಿದ. ಹೌದು, ಅಲ್ಲೇ. ಮಗಳಿಗೆ ಏಳು ತಿಂಗಳು. ಪ್ರತಿ ಬುಧವಾರ ಮನೆಯಿಂದ ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತಗೊಂಡು ಅವಳು ನಡೆದು ಹೋಗುವ ಆಸ್ಪತ್ರೆ. ಮೂರು ಸಲ ಬಾಯಿಬಿಟ್ಟು ಆ ಹೆಸರನ್ನು ಓದಿದ್ದರೂ ಅದು ಅವನಿಗೆ ಹನ್ನೊಂದು ಅಕ್ಷರಗಳಾಗಿ ಮಾತ್ರ ಕಂಡಿತ್ತು.

ಸರ್ಕಾರಿ ಮುದ್ರಣಾಲಯದ ಕರಡು ತಿದ್ದುವ ಕೋಣೆಯಲ್ಲಿ ಕೆಲಸ ನಡೆಯುವುದೇ ಹೀಗೆ. ಇಲಾಖೆಯಿಂದ ಬಂದ ಮೂಲಪ್ರತಿಯನ್ನು ಒಬ್ಬರು ಕಾಮಾ, ಸ್ಟಾಪುಗಳ ಸಮೇತ ಗಟ್ಟಿಯಾಗಿ ಓದಬೇಕು. ಅಚ್ಚಿಗೆ ಹೋಗಲಿರುವ ಕರಡಿನ ಮೇಲೆ ಇನ್ನೊಬ್ಬರು ಅಡಿಪಟ್ಟಿ ಇಟ್ಟುಕೊಂಡು ಸಾಲು ಸಾಲಾಗಿ ಹಿಂಬಾಲಿಸಬೇಕು. ಕಂಪ್ಯೂಟರು ಬಂದು ಎಷ್ಟೋ ವರ್ಷವಾದರೂ ಈ ಪದ್ಧತಿ ಹೋಗಿರಲಿಲ್ಲ. ಕಾನೂನಿನಲ್ಲಿ ಒಂದು ಪದ ಆಚೀಚೆ ಆದರೆ ಯಾರ ತಲೆಗೋ ಬರುತ್ತದೆ, ಆ ತಲೆ ತಮ್ಮದಾಗದಿರಲಿ ಎಂಬುದು ಮೇಲಿನವರ ಎಚ್ಚರ. ಮೂವತ್ತೊಂದು ವರ್ಷದಿಂದ ಅವನು ಓದುವವನು, ಎಲ್ಲರೂ ಅಕ್ಕ ಎಂದು ಕರೆಯುವ ಈಕೆ ನೋಡುವವಳು. ಏರಿಳಿತವಿಲ್ಲದ ಅವನ ದನಿ ಬೆಳಿಗ್ಗೆ ಹತ್ತಕ್ಕೆ ಶುರುವಾದರೆ ಸಂಜೆ ಐದಕ್ಕೆ ನಿಲ್ಲುತ್ತಿತ್ತು. ಅದಕ್ಕೇ ಇಡೀ ಮುದ್ರಣಾಲಯಕ್ಕೆ ಅವನು 'ರೇಡಿಯೋ'. ತೆರಿಗೆ, ಟೆಂಡರು, ನಾಯಿಗಳ ಪರವಾನಗಿ, ಸತ್ತ ಮಂತ್ರಿಗೆ ಸಂತಾಪ, ಎಲ್ಲವೂ ಒಂದೇ ದನಿಯಲ್ಲಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ಮೇಸ್ತ್ರಿಯೊಬ್ಬರು ಕಲಿಸಿಕೊಟ್ಟಿದ್ದರು: ಅರ್ಥ ತಲೆಗೆ ಹೋಗಲು ಬಿಡಬೇಡ, ಅರ್ಥ ಒಳಗೆ ಬಂತೋ ತಪ್ಪು ಕಣ್ಣುತಪ್ಪಿಸಿ ಹೊರಗೆ ಹೋಗುತ್ತೆ. ರೇಡಿಯೋ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಅವನು ಓದಿದ ಗೆಜೆಟ್ಟಿನಲ್ಲಿ ತಪ್ಪು ಹುಡುಕಿದವರಿಲ್ಲ. ಗೆಜೆಟ್ಟನ್ನು ಓದಿದವರೇ ಇಲ್ಲವಲ್ಲ ಎಂದು ಅವನ ಹೆಂಡತಿ ಕಾಲೆಳೆಯುತ್ತಿದ್ದಳು. "ದಿನವಿಡೀ ಸರ್ಕಾರದ ಮಾತು ಆಡ್ತೀರಿ, ಮನೆಗೆ ಬಂದ್ರೆ ಸ್ವಂತದ್ದು ಒಂದು ಮಾತಿಗೂ ಗತಿ ಇಲ್ಲ."

"ಮುಂದೆ ಓದ್ತೀರಾ, ನಾನು ಓದ್ಲಾ?" ಅಕ್ಕ ಕೇಳಿದಳು.

ಅವನೇ ಓದಿದ. "ಆಕ್ಷೇಪಣೆಗಳಿದ್ದಲ್ಲಿ ಕಾಮಾ ಪ್ರಕಟಣೆಯ ದಿನದಿಂದ ಮೂವತ್ತು ದಿನಗಳೊಳಗಾಗಿ ಕಾಮಾ ಲಿಖಿತವಾಗಿ ಸಲ್ಲಿಸತಕ್ಕದ್ದು ಸ್ಟಾಪ್."

ಸಂಜೆ ಮನೆಗೆ ಹೋದಾಗ ಮಗಳು ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅವಳ ಗಂಡ ಲಾರಿ ತೆಗೆದುಕೊಂಡು ಹೋದರೆ ಹತ್ತು ಹದಿನೈದು ದಿನ ಪತ್ತೆ ಇರುವುದಿಲ್ಲ. ಹೆರಿಗೆವರೆಗೂ ಇಲ್ಲೇ ಇರಲಿ ಎಂದು ಅಪ್ಪನೇ ಕರೆತಂದಿದ್ದ. ಗೆಜೆಟ್ಟಾಗದ ವಿಷಯವನ್ನು ಹೊರಗೆ ಆಡುವಂತಿಲ್ಲ. ಮಗಳ ಮುಂದೆಯೂ ಆಡಲಿಲ್ಲ. ಊಟಕ್ಕೆ ಕೂತಾಗ ಗೋಡೆಯ ಮೇಲಿದ್ದ ಹೆಂಡತಿಯ ಪಟದ ಕಡೆ ನೋಡಲು ಮಾತ್ರ ಆಗಲಿಲ್ಲ.

ಅವಳು ಹೋಗಿ ಮೂರು ವರ್ಷ. ಬೆಳಿಗ್ಗೆ ಹನ್ನೊಂದರ ಹೊತ್ತು, ಒಗೆದ ಬಟ್ಟೆ ಹರವುತ್ತಿದ್ದವಳು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ಸೇತುವೆಯ ಹತ್ತಿರ ಸದಾ ನಿಂತಿರುತ್ತಿದ್ದ ಆಂಬುಲೆನ್ಸು ಎಂಟು ನಿಮಿಷದಲ್ಲಿ ಬರಬೇಕಿತ್ತು. ಬಂದದ್ದು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಪಕ್ಕದ ಊರಿಂದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನು ಡ್ರೈವರನ ಕೊರಳಪಟ್ಟಿಗೆ ಕೈಹಾಕಿದ್ದ. ಆ ಪಾಪದವನು ಬಿಡಿಸಿಕೊಳ್ಳಲೂ ಇಲ್ಲ. "ನಮ್ಮ ಸ್ಟ್ಯಾಂಡ್ ಅಲ್ಲಿಂದ ಎತ್ತಿ ಒಂದು ವರ್ಷ ಆಯ್ತಲ್ಲ ಸಾರ್. ಗೆಜೆಟ್‌ನಲ್ಲೂ ಬಂದಿತ್ತಂತೆ," ಎಂದಿದ್ದ.

ಗೆಜೆಟ್‌ನಲ್ಲೂ ಬಂದಿತ್ತಂತೆ. ಮೂರು ವರ್ಷದಿಂದ ಆ ಮಾತು ಅವನೊಳಗೆ ಮುಳ್ಳಿನ ಹಾಗೆ ಇತ್ತು. ಮುದ್ರಣಾಲಯದ ಹಿಂದಿನ ದಾಖಲೆ ಕೋಣೆಯಲ್ಲಿ ಪ್ರತಿಯೊಂದು ಕರಡನ್ನೂ ಕಟ್ಟಿ ಇಟ್ಟಿರುತ್ತಾರೆ, ಹೋಗಿ ನೋಡಬಹುದಿತ್ತು. ನೋಡಿರಲಿಲ್ಲ. ಏನು ಸಿಗುತ್ತದೆ ಎಂಬುದು ಗೊತ್ತಿದ್ದೇ ನೋಡಿರಲಿಲ್ಲ ಎಂದರೆ ಹೆಚ್ಚು ನಿಜ.

ಮರುದಿನ ಊಟದ ಬಿಡುವಿನಲ್ಲಿ ಹೋಗಿ ಹುಡುಕಿದ. ಕಾಲು ಗಂಟೆಯಲ್ಲಿ ಸಿಕ್ಕಿತು. ಆಂಬುಲೆನ್ಸ್ ನಿಲುಗಡೆಗಳ ಮರುಹೊಂದಾಣಿಕೆ, ಕರಡು, ಪುಟ ನಾಲ್ಕು. ಅಂಚಿನಲ್ಲಿ ಕೆಂಪು ಪೆನ್ಸಿಲಿನ ಎರಡು ಗುರುತು. ಒಂದು ಕಡೆ ಅಂಕಿ ತಿದ್ದಿದೆ, ಇನ್ನೊಂದು ಕಡೆ ಬಿಟ್ಟುಹೋದ ಪದ ಸೇರಿಸಿದೆ. ಕೆಳಗೆ ಓದಿದವರ ಸಹಿ, ನೋಡಿದವರ ಸಹಿ. ಓದಿದವರ ಸಹಿ ಅವನದೇ. ಅದರ ಹಿಂದೆಯೇ, ಎರಡು ತಿಂಗಳ ನಂತರದ ಅಂತಿಮ ಅಧಿಸೂಚನೆ. ಅದರ ಮೊದಲ ಸಾಲು ಅವನಿಗೆ ಕಣ್ಣುಮುಚ್ಚಿ ಹೇಳುವಷ್ಟು ಬಾಯಿಪಾಠ, ಸಾವಿರ ಸಲ ಓದಿದ್ದ: 'ನಿಗದಿತ ಅವಧಿಯಲ್ಲಿ ಯಾವುದೇ ಆಕ್ಷೇಪಣೆ ಬಂದಿಲ್ಲವಾದ್ದರಿಂದ...'

ಆ ಸಾಲನ್ನು ಅವನು ಮೊದಲ ಸಲ ಓದಿದ. ಬಂದಿಲ್ಲವಾದ್ದರಿಂದ. ಯಾರೂ ಬೇಡ ಅನ್ನಲಿಲ್ಲ, ಆದ್ದರಿಂದ ಎಲ್ಲರಿಗೂ ಬೇಕು. ಹೀಗೊಂದು ಲೆಕ್ಕ. ಆ ಯಾರೂ ಅನ್ನುವುದರಲ್ಲಿ ತಾನಿದ್ದ, ಹೆಂಡತಿ ಇದ್ದಳು, ಸೇತುವೆ ಬೀದಿಯ ಮನೆಮನೆಯವರೂ ಇದ್ದರು. ಉಳಿದವರಿಗೆ ತಿಳಿದೇ ಇರಲಿಲ್ಲ. ತನಗೆ ತಿಳಿಯದೆ ಇರಲು ಏನು ಕಾರಣವಿತ್ತು? ತನ್ನ ಬಾಯಿಂದಲೇ ಬಂದದ್ದಲ್ಲವೇ? ಅವನು ಆ ಧೂಳಿನಲ್ಲಿ, ಕಟ್ಟುಗಳ ನಡುವೆ, ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ.

ಮುಖ ತೊಳೆದುಕೊಂಡು ನೇರವಾಗಿ ಸೂಪರಿಂಟೆಂಡೆಂಟರ ಕೋಣೆಗೆ ಹೋದ. ಅವರು ಒಳ್ಳೆಯ ಮನುಷ್ಯರೇ. ಸಿಬ್ಬಂದಿಯ ಕಷ್ಟಸುಖಕ್ಕೆ ಆಗುವವರು.

"ಸಾರ್, ಗೆಜೆಟ್‌ನಲ್ಲಿ ಬರೋದಕ್ಕೆ ನಮ್ಮ ನೌಕರರು ಆಕ್ಷೇಪಣೆ ಕೊಡಬಹುದಾ? ಮುಚ್ಚೋ ಆಸ್ಪತ್ರೆಗಳ ಪಟ್ಟೀಲಿ ನನ್ನ ಮಗಳು ಹೆಸರು ಬರೆಸಿರೋದೂ ಇದೆ."

ಅವರು ಚಹದ ಲೋಟ ಕೆಳಗಿಟ್ಟರು. "ನಾವು ಅಚ್ಚು ಹಾಕೋರಪ್ಪಾ. ಬಾಣಲೆ ಮಾರೋನು ಬೇರೆಯವರ ಅಡುಗೆ ರುಚಿ ನೋಡೋಕೆ ಹೋಗ್ತಾನಾ? ಸರ್ಕಾರದ ಸಂಬಳ ತಗೊಂಡು ಸರ್ಕಾರದ ನೀತಿ ಸರಿ ಇಲ್ಲ ಅಂದ್ರೆ ಸೇವಾ ನಿಯಮ ಸುಮ್ನಿರುತ್ತಾ? ನಿಮಗೆ ಇನ್ನೆಷ್ಟು ವರ್ಷ?"

"ಒಂದು ವರ್ಷ ಎಂಟು ತಿಂಗಳು."

"ನೋಡಿ ಮತ್ತೆ. ದಡ ಕಾಣ್ತಾ ಇದೆ. ಮಗಳನ್ನ ಬೇಕಾದ್ರೆ ಜಿಲ್ಲಾ ಆಸ್ಪತ್ರೆಗೆ ಸೇರಿಸೋಣ, ಅಲ್ಲಿ ನಮ್ಮ ಭಾವಮೈದ ಇದಾನೆ, ಒಂದು ಫೋನ್ ಮಾಡ್ತೀನಿ."

ರೇಡಿಯೋ ಕೈಮುಗಿದು ಹೊರಗೆ ಬಂದ. ಜಿಲ್ಲಾ ಆಸ್ಪತ್ರೆ ನಲವತ್ತೈದು ಕಿಲೋಮೀಟರು, ಮಧ್ಯದಲ್ಲಿ ಒಂದು ಬಸ್ಸು ಬದಲಿಸಬೇಕು. ಭಾವಮೈದ ಇಲ್ಲದವರ ಗತಿಯೇನು ಎಂದು ಬಾಗಿಲ ಹೊರಗೆ ನಿಂತಾಗ ಹೊಳೆಯಿತು, ಒಳಗೆ ಹೊಳೆದಿರಲಿಲ್ಲ. ಒಳ್ಳೆಯ ಪ್ರಶ್ನೆಗಳು ಅವನಿಗೆ ಯಾವಾಗಲೂ ಮೆಟ್ಟಿಲಿಳಿದ ಮೇಲೇ ಬರುತ್ತಿದ್ದವು.

ಗುರುವಾರ ಗೆಜೆಟ್ಟು ಹೊರಬಿತ್ತು. ಶುಕ್ರ, ಶನಿ, ಸೋಮ, ಮಂಗಳ, ಯಾರ ಬಾಯಲ್ಲೂ ಆ ಸುದ್ದಿ ಇಲ್ಲ. ಬುಧವಾರ ಅವನು ಅರ್ಧ ದಿನ ರಜೆ ಹಾಕಿ, ಗೆಜೆಟ್ಟನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮಗಳ ಜೊತೆ ಆಸ್ಪತ್ರೆಗೆ ಹೊರಟ.

"ನೀವ್ಯಾಕಪ್ಪಾ? ಅಲ್ಲಿ ಬರೀ ಹೆಂಗಸರು," ಮಗಳು ಹೇಳಿದಳು.

"ಸುಮ್ನೆ, ನಿನ್ನ ಜೊತೆಗೆ."

ಆಸ್ಪತ್ರೆಯ ವರಾಂಡದಲ್ಲಿ ಮೂರು ಉದ್ದನೆಯ ಬೆಂಚು, ಹದಿನೆಂಟು ಇಪ್ಪತ್ತು ಬಸುರಿಯರು. ದೊಡ್ಡ ನರ್ಸಮ್ಮ ತೂಕದ ಯಂತ್ರದ ಪಕ್ಕ ನಿಂತು ಒಬ್ಬೊಬ್ಬರನ್ನೇ ಹತ್ತಿಸಿ ಇಳಿಸುತ್ತಿದ್ದಳು. ರೇಡಿಯೋ ಅವಳ ಹತ್ತಿರ ಹೋಗಿ ಗೆಜೆಟ್ಟು ತೋರಿಸಿದ. ಅವಳು ಓದಿದಳು. ಮುಖ ಸಪ್ಪಗಾಯಿತು.

"ನಮಗೇ ಯಾರೂ ಹೇಳಿಲ್ಲವಲ್ಲ," ಎಂದಳು. ಆಮೇಲೆ ಬೆಂಚುಗಳ ಕಡೆ ಕೈ ತೋರಿಸಿ, "ಇವರಿಗೆ ನೀವೇ ಹೇಳಿ. ನನ್ನ ಬಾಯಲ್ಲಿ ಬರಲ್ಲ."

ಅವನು ವರಾಂಡದ ನಡುವೆ ನಿಂತು, ಗಂಟಲು ಸರಿಮಾಡಿಕೊಂಡು, ಓದಿದ. ಮೂವತ್ತೊಂದು ವರ್ಷದ ಅಭ್ಯಾಸ ಒಂದು ಬೆಳಿಗ್ಗೆಯಲ್ಲಿ ಹೋಗುವುದಿಲ್ಲ. "ತಿಂಗಳಿಗೆ ಮೂವತ್ತಕ್ಕಿಂತ ಕಡಿಮೆ ಹೆರಿಗೆಗಳಾಗುವ ಕಾಮಾ..." ಎರಡನೆಯ ಕಾಮಾಕ್ಕೆ ಯಾರೋ ಕಿಸಕ್ಕೆಂದರು. 'ಸ್ಟಾಪ್' ಎಂದಾಗ ತೂಕದ ಯಂತ್ರ ಹತ್ತುತ್ತಿದ್ದವಳು ತನಗೇ ಹೇಳಿದರೆಂದು ಒಂದು ಕಾಲು ಎತ್ತಿ ಹಾಗೇ ನಿಂತಳು. ಬೆಂಚುಗಳೆಲ್ಲ ನಕ್ಕವು. ಮಗಳು ನಾಚಿಕೆಯಿಂದ ತಲೆ ತಗ್ಗಿಸಿದಳು.

ಅವನು ನಿಲ್ಲಿಸಿದ. ಮತ್ತೆ ಮೊದಲಿಂದ ಶುರುಮಾಡಿದ. ಈ ಸಲ ನಿಧಾನವಾಗಿ, ತನಗೇ ಹೇಳಿಕೊಳ್ಳುವ ಹಾಗೆ. "ತಿಂಗಳಿಗೆ ಮೂವತ್ತಕ್ಕಿಂತ ಕಡಿಮೆ ಹೆರಿಗೆ ಆಗೋ ಆಸ್ಪತ್ರೆ ಮುಚ್ತಾರಂತೆ. ಹನ್ನೊಂದು ಆಸ್ಪತ್ರೆ. ಏಳನೇದು ಇದು. ಇಲ್ಲಿರೋ ಸಿಸ್ಟರ್‌ಗಳನ್ನೆಲ್ಲ ಜಿಲ್ಲಾ ಆಸ್ಪತ್ರೆಗೆ ಕಳಿಸ್ತಾರೆ. ಇನ್ಮೇಲೆ ಎಲ್ರೂ ಅಲ್ಲಿಗೇ ಹೋಗಬೇಕು."

ನಗು ಎಲ್ಲಿ ಹೋಯಿತೋ. ಮಗಳು ತಲೆ ಎತ್ತಿದಳು. ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಬಂದು ಕೂತಿತ್ತು.

"ನೋವು ಬಂದ್ಮೇಲೆ ಎರಡು ಬಸ್ ಹತ್ತೋಕಾಗುತ್ತಾ?" ಯಾರೋ ಕೇಳಿದರು.

ಗೋಡೆಗೆ ಒರಗಿ ಕೂತಿದ್ದ, ತಲೆಯ ಮೇಲೆ ತರಕಾರಿ ಹೊತ್ತು ಮಾರುವ ಹೆಂಗಸು ಎದ್ದು ನಿಂತಳು. ಎಂಟು ತಿಂಗಳಿರಬೇಕು. "ಈಗೇನ್ ಮಾಡ್ಬೇಕಂತೆ ನಾವು?"

"ಬೇಡ ಅಂತ ಬರೀಬೇಕು. ಮೂವತ್ತು ದಿನದೊಳಗೆ. ಯಾರೂ ಬರೀಲಿಲ್ಲ ಅಂದ್ರೆ ಎಲ್ಲರಿಗೂ ಒಪ್ಪಿಗೆ ಅಂತ ಅಚ್ಚು ಹಾಕ್ತಾರೆ. ಆರು ದಿನ ಆಗಲೇ ಹೋಯ್ತು."

"ನೀವು ಬರೆದ್ರಾ?"

ರೇಡಿಯೋ ಗೆಜೆಟ್ಟನ್ನು ಮತ್ತೆ ಸುರುಳಿ ಸುತ್ತತೊಡಗಿದ.

"ನಮ್ಗೆ ಹೇಳೋಕ್ ಬಂದ್ರಿ, ಒಳ್ಳೇದು. ನೀವು ಬರೆದ್ರಾ ಅಂದೆ."

"ನಾನು... ಸರ್ಕಾರಿ ನೌಕರ. ನಾವು ಬರೆಯೋ ಹಾಗಿಲ್ಲ."

"ಓಹೋ." ಅವಳು ಜಗಳಕ್ಕೇನೂ ಬಂದಿರಲಿಲ್ಲ; ತರಕಾರಿ ಕೊಳೆತಿದೆಯೋ ಇಲ್ಲವೋ ಎಂದು ನೋಡುವಂತೆ ಅವನನ್ನು ನೋಡಿದಳು. "ಹಂಗಾದ್ರೆ ನಾವು ತಲೆ ಕೊಡ್ಬೇಕು, ನೀವು ಓದಿ ಮನೆಗೆ ಹೋಗ್ತೀರಿ."

ಮನೆಯ ಮೆಟ್ಟಿಲು ಬಂದಾಗ ಮಗಳು ಅಲ್ಲೇ ಕೂತಳು. ಅವಳ ಅಮ್ಮ ಕೂತ ಮೆಟ್ಟಿಲೇ. ಅವನು ಪಕ್ಕದಲ್ಲಿ ಕೂತು, ದಾಖಲೆ ಕೋಣೆಯಲ್ಲಿ ಕಂಡದ್ದನ್ನು ಹೇಳಿದ. ಎರಡು ಗುರುತು, ಕೆಳಗೆ ಸಹಿ. ಮಗಳು ಬಯ್ಯುತ್ತಾಳೆ ಎಂದುಕೊಂಡಿದ್ದ; ಬಯ್ದಿದ್ದರೆ ಹಗುರವಾಗುತ್ತಿತ್ತು.

"ನೀವು ಬರೆದ್ರೆ ಕೆಲಸಕ್ಕೆ ಏನಾದ್ರೂ ಆಗುತ್ತಾ ಅಪ್ಪ?" ಎಂದಳು ಕೊನೆಗೆ.

"ಆಗಬಹುದು."

"ನನಗೆ ಹೆದರಿಕೆ ಆಗುತ್ತೆ." ಹೊಟ್ಟೆ ಸವರಿಕೊಂಡು, "ಆದ್ರೆ ಅಮ್ಮ ಇದ್ದಿದ್ರೆ ಇಷ್ಟೊತ್ತಿಗೆ ಅವಳೇ ಹೋಗಿ ಇಲಾಖೆಯವರ ಮೇಜು ಕುಟ್ಟಿ ಬರ್ತಿದ್ಲು," ಎಂದಳು. ಇಬ್ಬರಿಗೂ ನಗು ಬಂತು. ಆ ನಗುವಿನ ಹಿಂದೆಯೇ ಅಳುವೂ ಬಂತು, ಯಾರೂ ತಡೆಯಲಿಲ್ಲ.

ಅವನು ಒಳಗೆ ಹೋಗಿ ಹಾಳೆ ತೆಗೆದುಕೊಂಡು ಕೂತ. 'ನಾನು' ಎಂದು ಬರೆದ. ಪೆನ್ನು ನಿಂತಿತು. ಇಷ್ಟು ವರ್ಷದಲ್ಲಿ ಅವನ ಬಾಯಿಂದ 'ಸರ್ಕಾರವು' ಬಂದಿತ್ತು, 'ಸದರಿ' ಬಂದಿತ್ತು, 'ಮೇಲ್ಕಂಡ' ಬಂದಿತ್ತು. 'ನಾನು' ಬಂದ ಒಂದು ವಾಕ್ಯವೂ ನೆನಪಿರಲಿಲ್ಲ. ಅರ್ಧ ಗಂಟೆ ಮೀನಮೇಷ ಎಣಿಸಿ, ಆಮೇಲೆ ಒಂದೇ ಉಸಿರಿಗೆ ಬರೆದ:

'ನಾನು ಸರ್ಕಾರಿ ಮುದ್ರಣಾಲಯದಲ್ಲಿ ಕರಡು ಓದುವವನು. ನಾಲ್ಕು ವರ್ಷದ ಹಿಂದೆ ಆಂಬುಲೆನ್ಸನ್ನು ಸೇತುವೆಯಿಂದ ಎತ್ತುವ ಕರಡನ್ನು ನಾನೇ ಓದಿದೆ. ಅದರಲ್ಲಿ ಎರಡು ತಪ್ಪು ಸಿಕ್ಕಿದವು, ತಿದ್ದಿದೆವು. ಆಂಬುಲೆನ್ಸನ್ನು ಎತ್ತುವುದೇ ದೊಡ್ಡ ತಪ್ಪು ಎಂದು ಆಗ ಕಾಣಲಿಲ್ಲ. ಒಂದು ವರ್ಷದ ನಂತರ ಅದೇ ಆಂಬುಲೆನ್ಸಿಗೆ ಕಾದು ನನ್ನ ಹೆಂಡತಿ ಸತ್ತಳು. ಆಗ ಯಾರ ಆಕ್ಷೇಪಣೆಯೂ ಬಂದಿಲ್ಲ ಎಂದು ಅಚ್ಚಾಗಿತ್ತು. ನನ್ನದೂ ಬಂದಿರಲಿಲ್ಲ. ಈಗ ಬರುತ್ತಿದೆ. ಸೇತುವೆ ಬೀದಿ ಹೆರಿಗೆ ಆಸ್ಪತ್ರೆಯನ್ನು ಮುಚ್ಚಬಾರದು.'

ಮಗಳು ಓದಿದಳು. ಯಾವುದನ್ನೂ ತಿದ್ದಲಿಲ್ಲ.

ಮರುದಿನ ಆರೋಗ್ಯ ಇಲಾಖೆಯ ಕಚೇರಿಯಲ್ಲಿ ಪತ್ರ ತೆಗೆದುಕೊಳ್ಳುವ ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಆಕ್ಷೇಪಣೆನಾ? ತಡೀರಿ, ಫೈಲು ಎಲ್ಲಿದೆಯೋ ನೋಡ್ಬೇಕು. ಯಾವಾಗ್ಲೂ ಖಾಲಿನೇ ಇರುತ್ತೆ ನೋಡಿ, ಕೈಗೆ ಸಿಗಲ್ಲ." ಹುಡುಕಿ ತಂದು, ಮೊಹರು ಒತ್ತಿ, ಸಂಖ್ಯೆ ಹಾಕಿಕೊಟ್ಟ. ಒಂದು.

ಆ ಮೊಹರಿನ ಹಾಳೆಯನ್ನು ಅವನು ಮುಂದಿನ ಬುಧವಾರ ವರಾಂಡದಲ್ಲಿ ತರಕಾರಿಯವಳ ಕೈಗೆ ಕೊಟ್ಟ. ಓದಲು ಬಾರದ ಅವಳು ಮೊಹರನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ನಂದೂ ಬರೀರಿ," ಎಂದಳು. "ನಾನ್ ಹೇಳ್ದಂಗೇ ಬರೀಬೇಕು ಮತ್ತೆ, ನಿಮ್ಮ ಕಾಮಾ ಗೀಮಾ ಸೇರಿಸ್ಬೇಡಿ." ಅವಳ ಹಿಂದೆ ಇನ್ನೊಬ್ಬಳು ನಿಂತಳು. ನರ್ಸಮ್ಮ ತೂಕದ ಯಂತ್ರದ ಪಕ್ಕದ ಮೇಜನ್ನು ಖಾಲಿ ಮಾಡಿಕೊಟ್ಟಳು. ಪಟ್ಟಿಯಲ್ಲಿದ್ದ ಬೇರೆ ಎರಡು ಆಸ್ಪತ್ರೆಗಳಲ್ಲಿ ಗೊತ್ತಿದ್ದ ನರ್ಸುಗಳಿಗೆ ಫೋನು ಮಾಡಿದಳು. ಮೂವತ್ತನೆಯ ದಿನ ಸಂಜೆ ಗುಮಾಸ್ತ ಕೊಟ್ಟ ಕೊನೆಯ ಸಂಖ್ಯೆ ನಾನೂರ ಹನ್ನೆರಡು.

ಅಷ್ಟರಲ್ಲಿ ರೇಡಿಯೋಗೆ ನೋಟೀಸು ಬಂದಿತ್ತು. ಸೇವಾ ನಿಯಮದ ಉಲ್ಲಂಘನೆ, ಇಲಾಖಾ ವಿಚಾರಣೆ, ಅದು ಮುಗಿಯುವವರೆಗೆ ಕೆಳಮಹಡಿಯಲ್ಲಿ ಊರೂರಿಗೆ ಹೋಗುವ ಗೆಜೆಟ್ಟಿನ ಕಟ್ಟು ಕಟ್ಟುವ ವಿಭಾಗಕ್ಕೆ. ಸೂಪರಿಂಟೆಂಡೆಂಟರು ಅದನ್ನು ಕೈಗೆ ಕೊಡುವಾಗ ಮುಖ ನೋಡಲಿಲ್ಲ. "ನಾನು ಹೇಳಿದ್ದೆ," ಎಂದರು. "ಹೇಳಿದ್ರಿ ಸಾರ್," ಎಂದ ಅವನು. ಪಿಂಚಣಿ ಕೈಗೆ ಬರುತ್ತದೋ ಇಲ್ಲವೋ ಎಂಬ ಭಯ ಇತ್ತು. ಅದು ನೋಟೀಸಿನೊಂದಿಗೆ ಬಂದದ್ದಲ್ಲ, ಹೋಗುವಂಥದ್ದೂ ಅಲ್ಲ.

ಮಗಳಿಗೆ ನೋವು ಬಂದದ್ದು ಒಂದು ಮಧ್ಯಾಹ್ನ. ನಡೆದುಕೊಂಡೇ ಹೋದರು, ಹತ್ತು ಹೆಜ್ಜೆಗೊಮ್ಮೆ ನಿಂತು. ಹೆಣ್ಣು ಮಗು. ದೊಡ್ಡ ನರ್ಸಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟಾಗ ಅದು ಬೀದಿಗೆ ಕೇಳುವಂತೆ ಕಿರುಚಿತು. "ಅಜ್ಜಿ ಹಾಗೇ," ಎಂದು ಮಗಳು ಹಾಸಿಗೆಯಿಂದ ಹೇಳಿದಳು.

ಅದಾಗಿ ಮೂರು ವಾರಕ್ಕೆ, ಊಟದ ಬಿಡುವಿನಲ್ಲಿ ಅಕ್ಕ ಮೆಟ್ಟಿಲಿಳಿದು ಕೆಳಮಹಡಿಗೆ ಬಂದಳು. ಕೈಯಲ್ಲಿ ಆ ದಿನದ ಗೆಜೆಟ್ಟು. ಅವನು ದಾರದುಂಡೆ ಬದಿಗಿಟ್ಟು ಒಂದು ಕಟ್ಟಿನ ಮೇಲೆ ಅವಳಿಗೆ ಜಾಗ ಮಾಡಿಕೊಟ್ಟ.

"ನಾನು ಓದ್ತೀನಿ, ನೀವು ಕೇಳಿ," ಎಂದಳು ಅಕ್ಕ. "ನಾನೂರ ಹನ್ನೆರಡು ಆಕ್ಷೇಪಣೆಗಳು ಬಂದಿದ್ದು, ಅವುಗಳನ್ನು ಪರಿಗಣಿಸಿ, ಸೇತುವೆ ಬೀದಿ ಸೇರಿದಂತೆ ಮೂರು ಆಸ್ಪತ್ರೆಗಳನ್ನು ಮುಚ್ಚುವ ಪ್ರಸ್ತಾವವನ್ನು ಒಂದು ವರ್ಷ ಮುಂದೂಡಲಾಗಿದೆ."

ಅವನು ಕಣ್ಣು ಮುಚ್ಚಿಕೊಂಡ. ಮೂವತ್ತೊಂದು ವರ್ಷ ಎದುರು ಕೂತಿದ್ದರೂ ಅಕ್ಕನ ಓದುವ ದನಿ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಸ್ವಲ್ಪ ಒರಟು, ಅಲ್ಲಲ್ಲಿ ಉಸಿರು ತೆಗೆದುಕೊಳ್ಳುವ ದನಿ.

"ಇನ್ನೂ ಇದೆ," ಎಂದಳು. "ಉಳಿದ ಎಂಟು ಆಸ್ಪತ್ರೆಗಳ ಬಗ್ಗೆ, ನಿಗದಿತ ಅವಧಿಯಲ್ಲಿ ಯಾವುದೇ ಆಕ್ಷೇಪಣೆ ಬಂದಿಲ್ಲವಾದ್ದರಿಂದ..."

ಮುಂದೆ ಓದಲಿಲ್ಲ. ಮೇಲೆ ಅಚ್ಚಿನ ಯಂತ್ರ ಒಂದೇ ಸಮನೆ ಓಡುವ ಸದ್ದು ಚಾವಣಿಯಿಂದ ಇಳಿದು ಬರುತ್ತಿತ್ತು.

"ಆ ಊರುಗಳಿಗೂ ಕಟ್ಟು ಹೋಗಿತ್ತು," ಎಂದ ಅವನು. "ನಾನು ಆಗ ಇಲ್ಲಿ ಇರಲಿಲ್ಲ. ಹೋದ ಕಟ್ಟನ್ನ ಯಾರೂ ಬಿಚ್ಚೋದೇ ಇಲ್ಲವಂತೆ. ಬಿಚ್ಚಿದ್ರೂ ಅರವತ್ತು ಪುಟದಲ್ಲಿ ಎಲ್ಲಿದೆ ಅಂತ ಗೊತ್ತಾಗಬೇಕಲ್ಲ."

"ಇವತ್ತಿನದ್ರಲ್ಲಿ ಶಾಲೆಗಳನ್ನ ಮುಚ್ಚೋ ಪ್ರಸ್ತಾವ ಬಂದಿದೆ. ಪುಟ ಇಪ್ಪತ್ಮೂರು. ನಾನು ನಿಧಾನವಾಗಿ ಓದಿಸ್ಕೊಂಡೆ, ನಿಮ್ಮ ಜಾಗಕ್ಕೆ ಬಂದ ಹೊಸಬನಿಗೆ ನನ್ನ ಮೇಲೆ ಸಿಟ್ಟು."

"ನೋಡಿದೆ," ಎಂದು ಅವನು ಪಕ್ಕದ ರಾಶಿಯ ಕಡೆ ತೋರಿಸಿದ. ವಾಚನಾಲಯಗಳಿಗೆ, ಪಂಚಾಯಿತಿಗಳಿಗೆ, ಅಂಚೆ ಕಚೇರಿಗಳಿಗೆ ಹೋಗಬೇಕಾದ ಪ್ರತಿಗಳು. ಮೇಲಿನ ಹದಿನೈದು ಇಪ್ಪತ್ತು ಪ್ರತಿಗಳು ಇಪ್ಪತ್ತಮೂರನೆಯ ಪುಟಕ್ಕೆ ತೆರೆದು ಹಿಂದಕ್ಕೆ ಮಡಚಿದ್ದವು. 'ಆಕ್ಷೇಪಣೆಗಳಿದ್ದಲ್ಲಿ' ಎಂಬ ಸಾಲಿನ ಪಕ್ಕದ ಅಂಚಿನಲ್ಲಿ ಕೆಂಪು ಪೆನ್ಸಿಲಿನ ಒಂದು ಉದ್ದನೆಯ ಗೆರೆ, ಕರಡಿನಲ್ಲಿ ತಪ್ಪು ಕಂಡಾಗ ಎಳೆಯುವಂಥದ್ದು.

ಅಕ್ಕ ಆ ಗೆರೆಗಳನ್ನು ನೋಡುತ್ತಾ ಕೂತಳು.

"ಒಟ್ಟು ಎಷ್ಟು ಪ್ರತಿ?"

"ಆರುನೂರು."

ಅವಳು ತುರುಬಿಗೆ ಸಿಕ್ಕಿಸಿಕೊಂಡಿದ್ದ ತನ್ನ ಕೆಂಪು ಪೆನ್ಸಿಲನ್ನು ತೆಗೆದು, ತುದಿಯನ್ನು ಹೆಬ್ಬೆರಳಿಗೆ ಒತ್ತಿ ಮೊನೆ ನೋಡಿ, ರಾಶಿಯ ಅರ್ಧವನ್ನು ತನ್ನ ಕಡೆಗೆ ಎಳೆದುಕೊಂಡಳು.